ಚಿಗಟ ಕಾಣದಿದ್ದರೂ ಚಿಗಟವೇ ಇರಬಹುದು

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ಮೂರು ತಿಂಗಳಿಂದ ಮೈ ತುರಿಸಿಕೊಳ್ಳುತ್ತಿದೆ. ಬಾಲದ ಬುಡದಲ್ಲಿ ಕೂದಲು ಉದುರಿದೆ. ಶಾಂಪೂ ಬದಲಿಸಿದೆವು, ಎರಡು ವಾರ ಕೋಳಿ ಮಾಂಸ ನಿಲ್ಲಿಸಿದೆವು. ಒಂದು ಚಿಗಟವೂ ಕಾಣುತ್ತಿಲ್ಲ. ಕಾರಣವೇನು?

ಉತ್ತರ: ಬಾಲದ ಬುಡ ಎಂದಿರಲ್ಲ, ಮೊದಲ ಅನುಮಾನ ಚಿಗಟದ ಅಲರ್ಜಿಯ ಮೇಲೆಯೇ. ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತ ಸಾಕು. ಕಚ್ಚಿದ ಚಿಗಟವನ್ನು ಅದೇ ನೆಕ್ಕಿ ನುಂಗಿಬಿಡುತ್ತದೆ, ನಿಮಗೆಲ್ಲಿ ಕಾಣಬೇಕು? ಹೇನಿನ ಬಾಚಣಿಗೆಯಿಂದ ಸೊಂಟದ ಮೇಲೆ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲಿಡಿ. ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಏನೂ ಸಿಗದಿದ್ದರೂ ಚಿಗಟವಿಲ್ಲ ಎಂದಾಗುವುದಿಲ್ಲ.

ವೈದ್ಯರು ತೂಕ ನೋಡಿ ಕೊಟ್ಟ ಚಿಗಟದ ಔಷಧವನ್ನು ಕನಿಷ್ಠ ಮೂರು ತಿಂಗಳು ತಪ್ಪದೆ ಕೊಡಿ. ಏಕೆಂದರೆ ಮನೆಯ ಮೂಲೆಯಲ್ಲಿ ಚಿಗಟದ ಮರಿಹುಳುಗಳು ತಮ್ಮ ಸುತ್ತ ನೇಯ್ದುಕೊಂಡ ಗೂಡುಗಳಿಗೆ ಕೀಟನಾಶಕ ಅಷ್ಟಾಗಿ ತಾಗದು. ವಾರಗಳ ನಂತರವೂ ಅವುಗಳಿಂದ ಬೆಳೆದ ಚಿಗಟಗಳು ಹೊರಬರುತ್ತವೆ. ಬೆಕ್ಕಿದ್ದರೆ ಅದಕ್ಕೂ ಔಷಧ ಬೇಕು, ಆದರೆ ನಾಯಿಯದನ್ನೇ ಹಚ್ಚಬೇಡಿ: ನಾಯಿಯ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಜೀವ ತೆಗೆಯಬಲ್ಲದು.

ಕಿವಿಯಂಚು, ಮೊಣಕೈಯಲ್ಲಿ ಹೊಪ್ಪಳೆ ಇದ್ದು ಮನೆಯವರಿಗೂ ತುರಿಕೆ ಹತ್ತಿದ್ದರೆ ಕಜ್ಜಿಯ ನುಸಿ ಇರಬಹುದು. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಅದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಆಹಾರದ ಪರೀಕ್ಷೆಗೆ ಎರಡು ವಾರ ಏನೇನೂ ಸಾಲದು. ಎಂಟು ವಾರ, ಹಿಂದೆಂದೂ ತಿನ್ನದ ಒಂದೇ ಮಾಂಸ. ನಡುವೆ ಬಿಸ್ಕತ್ತಿನ ಚೂರೂ ಕೂಡದು. ಆಗ ತುರಿಕೆ ತಗ್ಗಿ, ಬಳಿಕ ಹಳೆಯ ಊಟ ಕೊಟ್ಟಾಗ ಮರಳಿದರೆ ಮಾತ್ರ ಆಹಾರದ ಅಲರ್ಜಿ.