ವಿಂಡೋಸ್ ಬಿಟ್ಟವರು, ಬಿಡಲಾರದವರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು, ಮುಂದೇನು? ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಮ್ಯಾಕ್ ಅಭಿಮಾನಿಗಳು, ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಅಭಿಮಾನಿಗಳು ಬೈಯಬೇಡಿ. ನಾನು ತುಮಕೂರಿನಲ್ಲಿ ಅಂಗಡಿ ಇಟ್ಟುಕೊಂಡು ಮೂರನ್ನೂ ರಿಪೇರಿ ಮಾಡುವವಳು. ಮೂರೂ ಕೆಡುತ್ತವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಐ5, ಆರನೇ ತಲೆಮಾರು, 8 ಜಿಬಿ ರ‍್ಯಾಮ್. ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲ ಎಂದು ಪರದೆ ಮೇಲೆ ಬರುತ್ತದೆ. ಹೊಸದು ತಗೊಳ್ಳಿ ಅನ್ನುತ್ತಾರೆ. ಚೆನ್ನಾಗಿ ಓಡುವ ಮೆಷಿನ್ ಯಾಕೆ ಬಿಸಾಕಬೇಕು? ನಾನು ಮಾಡುವುದು ಪತ್ರಿಕೆ ಓದುವುದು, ಲೇಖನ ಟೈಪ್ ಮಾಡುವುದು, ಮೊಮ್ಮಗಳ ಜೊತೆ ವಿಡಿಯೊ ಕಾಲ್, ಇಷ್ಟೇ. (ಓದುಗರೊಬ್ಬರು, ಸಾಗರ)

ಬಿಸಾಕಬೇಡಿ ಮೇಷ್ಟ್ರೇ. ಮೆಷಿನ್ ಕೆಟ್ಟಿಲ್ಲ. ಮೈಕ್ರೋಸಾಫ್ಟ್ ಎಳೆದ ಗೆರೆಯ ಆಚೆ ಉಳಿದಿದೆ, ಅಷ್ಟೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ನಿಮ್ಮದರಲ್ಲಿ ಚಿಪ್ ಇದ್ದರೂ ಇರಬಹುದು, ಪ್ರೊಸೆಸರ್ ಪಟ್ಟಿಯಲ್ಲಿಲ್ಲ. ಕೆಲವು ಅಂಗಡಿಗಳಲ್ಲಿ ಈ ತಪಾಸಣೆ ತಪ್ಪಿಸಿ 11 ಹಾಕಿಕೊಡುತ್ತಾರೆ. ಓಡುತ್ತದೆ ಕೂಡ. ಆದರೆ ಅಂಥ ಮೆಷಿನ್‌ಗೆ ಮುಂದೆ ಅಪ್‌ಡೇಟ್ ಕೊಡುತ್ತೇನೆ ಎಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ನಾವು ಬದಲಾಯಿಸುತ್ತಿರುವುದೇ ಅಪ್‌ಡೇಟ್‌ಗಾಗಿ ಅಲ್ವಾ? ನಾನಂತೂ ಹಾಕಿಕೊಡುವುದಿಲ್ಲ.

ಅವಸರವೂ ಇಲ್ಲ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಕೊಡುವ ಒಂದು ವರ್ಷದ ಏರ್ಪಾಡು ಇದೆ. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರಿಕೊಳ್ಳುವ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಅನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಮೊದಲು ಇದನ್ನು ಮಾಡಿಕೊಳ್ಳಿ.

‘ನನ್ನ ಲ್ಯಾಪ್‌ಟಾಪ್‌ನಲ್ಲಿ ಕದಿಯುವಂಥದ್ದು ಏನಿದೆ, ಅಪ್‌ಡೇಟ್ ಇಲ್ಲದಿದ್ದರೆ ಏನಂತೆ’ ಎಂದು ತುಂಬ ಜನ ಕೇಳುತ್ತಾರೆ. 2017ರ ಮೇ ತಿಂಗಳ ವನ್ನಾಕ್ರೈ ನೆನಪಿದೆಯಾ? ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿದ ವೈರಸ್. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹೆಚ್ಚಿನವು ವಿಂಡೋಸ್ 7 ಮೆಷಿನ್‌ಗಳು. ಅಂಥ ವೈರಸ್ ನಿಮ್ಮ ಹೆಸರು ಕೇಳಿಕೊಂಡು ಬರುವುದಿಲ್ಲ, ಬಾಗಿಲು ತೆರೆದಿದ್ದರೆ ಒಳಗೆ ಬರುತ್ತದೆ.

ಸಿಕ್ಕಿರುವ ಈ ಸಮಯದಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ನೋಡಿ. ನೀವು ಬರೆದ ಅಷ್ಟೂ ಕೆಲಸ ಅದರಲ್ಲಿ ಆಗುತ್ತದೆ. ಕೆಳಗೆ ಪಟ್ಟಿ, ಎಡಗಡೆ ಮೆನು, ಎಲ್ಲ ನಿಮಗೆ ರೂಢಿ ಇದ್ದ ಜಾಗದಲ್ಲೇ ಇರುತ್ತದೆ. ಈಗಿನ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ಗೆ ಹಾಕಿ ಅಲ್ಲಿಂದಲೇ ಚಾಲೂ ಮಾಡಿದರೆ ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತದಾ, ಕ್ಯಾಮೆರಾ ಕೆಲಸ ಮಾಡುತ್ತದಾ, ಶಬ್ದ ಬರುತ್ತದಾ ನೋಡಿಕೊಳ್ಳಿ. ಸರಿ ಅನಿಸಿದರೆ ಮೊದಲು ಫೋಟೊಗಳ ಪ್ರತಿ ಬೇರೆ ಡ್ರೈವ್‌ಗೆ ತೆಗೆದಿಟ್ಟು, ಆಮೇಲೆ ಇನ್‌ಸ್ಟಾಲ್ ಮಾಡಿ. ಇನ್ನೂ ಹಳೇ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಆಪರೇಟಿಂಗ್ ಸಿಸ್ಟಂ ಬದಲಾಯಿಸಿದ್ದಕ್ಕಿಂತ ಅದರ ವ್ಯತ್ಯಾಸವೇ ಜಾಸ್ತಿ ಕಾಣುತ್ತದೆ.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ ನಾನು. ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಪ್ರಪಂಚದ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಶೇ 4ರ ಆಸುಪಾಸು, ಭಾರತದಲ್ಲಿ ಮಾತ್ರ ಶೇ 15 ದಾಟಿತ್ತಂತೆ. ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲೂ ಲಿನಕ್ಸ್ ಇಲ್ಲ. ಇದು ನಿಜವೇ? ನಾನು ಕಲಿಯಬೇಕೇ? (ಓದುಗರೊಬ್ಬರು, ಧಾರವಾಡ)

ಅಂಕಿ ಸುಳ್ಳಲ್ಲ. 2024ರ ಫೆಬ್ರುವರಿಯಲ್ಲಿ ಲಿನಕ್ಸ್ ಜಗತ್ತಿನಲ್ಲಿ ಮೊದಲ ಸಲ ಶೇ 4 ಮುಟ್ಟಿತು, ಅದೇ ವರ್ಷದ ನಡುವಿಗೆ ಭಾರತದ ಅಂಕಿ ಶೇ 15ರ ಮೇಲೆ ಹೋಯಿತು. ಆದರೆ ಏನನ್ನು ಎಣಿಸಿ ಬಂದ ಅಂಕಿ ಅಂತ ನೋಡಬೇಕು. ಸ್ಟ್ಯಾಟ್‌ಕೌಂಟರ್‌ನವರು ಮನೆಮನೆಗೆ ಹೋಗಿ ಕಂಪ್ಯೂಟರ್ ಎಣಿಸುವುದಿಲ್ಲ. ತಮ್ಮ ಕೋಡ್ ಹಾಕಿಕೊಂಡ ಜಾಲತಾಣಗಳ ಪುಟಗಳನ್ನು ಯಾರಾದರೂ ತೆರೆದಾಗ, ಆ ಬ್ರೌಸರ್ ‘ನಾನು ಇಂಥ ಸಿಸ್ಟಂನಿಂದ ಬಂದೆ’ ಎಂದು ಹೇಳುವುದನ್ನು ಬರೆದುಕೊಳ್ಳುತ್ತಾರೆ. ಅವರ ಎಣಿಕೆ ಪುಟಗಳದ್ದು, ಜನರದ್ದಲ್ಲ. ದಿನಕ್ಕೆ ನೂರು ಪುಟ ನೋಡುವ ಹುಡುಗ ನೂರು, ಒಂದು ಪುಟ ನೋಡುವ ಅಜ್ಜ ಒಂದು.

ಇನ್ನೊಂದು ವಿಷಯ ನೀವೇ ಪರೀಕ್ಷೆ ಮಾಡಬಹುದು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಡೆಸ್ಕ್‌ಟಾಪ್ ಸೈಟ್’ಗೆ ಗುರುತು ಹಾಕಿ. ಆಗ ಬ್ರೌಸರ್ ತನ್ನನ್ನು ಲಿನಕ್ಸ್ ಕಂಪ್ಯೂಟರ್ ಎಂದೇ ಪರಿಚಯ ಮಾಡಿಕೊಳ್ಳುತ್ತದೆ! ನಮ್ಮಲ್ಲಿ ರಿಸಲ್ಟ್ ನೋಡುವುದು, ಪಹಣಿ ತೆಗೆಯುವುದು, ಅರ್ಜಿ ತುಂಬುವುದು ಎಲ್ಲ ಫೋನಿನಲ್ಲೇ. ಪುಟ ಸರಿಯಾಗಿ ಕಾಣದಿದ್ದರೆ ಎಲ್ಲರೂ ಒತ್ತುವುದು ಆ ಗುರುತನ್ನೇ. ಭಾರತದ ಲಿನಕ್ಸ್ ಲೆಕ್ಕದಲ್ಲಿ ಇಂಥ ಫೋನುಗಳೂ ಸೇರಿಕೊಂಡಿವೆ ಎಂಬುದು ನನ್ನ ಗುಮಾನಿ.

ಹಾಗಂತ ಪೂರ್ತಿ ಗಾಳಿಮಾತಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್ ಮೇಲೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನವಿಡೀ ಉಬುಂಟು (ಇದೂ ಲಿನಕ್ಸ್‌ನ ಒಂದು ಬಗೆ) ಮುಂದೆ ಕೂತಿರುವವರು ಬಹಳ ಜನ. ವಿಂಡೋಸ್ ಇಲ್ಲದೆ ಬರುವ, ಬಿಲ್ಲಿನಲ್ಲಿ ‘ಡಾಸ್’ ಅಥವಾ ‘ಉಬುಂಟು’ ಎಂದು ಬರೆದ ಅಗ್ಗದ ಲ್ಯಾಪ್‌ಟಾಪ್‌ಗಳೂ ಇಲ್ಲಿ ಸಾಕಷ್ಟು ಮಾರಾಟವಾದವು. ಅವುಗಳಲ್ಲಿ ಎಷ್ಟೋ ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಕಳ್ಳ ವಿಂಡೋಸ್ ಹಾಕಿಸಿಕೊಂಡವು, ಅದು ಬೇರೆ ಮಾತು.

ನನ್ನ ಕೌಂಟರಿನಿಂದ ನೋಡಿದರೆ, ಆಪರೇಟಿಂಗ್ ಸಿಸ್ಟಂ ಅನ್ನು ಕೂತು ಯೋಚಿಸಿ ಆರಿಸಿಕೊಳ್ಳುವವರು ತೀರಾ ಕಮ್ಮಿ. ಡಬ್ಬದೊಳಗೆ ಯಾವುದು ಬಂತೋ ಅದನ್ನೇ ಬಳಸುತ್ತಾರೆ. ಕಚೇರಿಯಲ್ಲಿ ಯಾವುದು ಕೊಟ್ಟರೋ ಅದು. ವಿಂಡೋಸ್ ಇವತ್ತಿಗೂ ಸುಮಾರು ಶೇ 70ರಲ್ಲಿ ಇರುವುದಕ್ಕೆ ದೊಡ್ಡ ಕಾರಣ ಜನಪ್ರೀತಿ ಅಲ್ಲ, ಲ್ಯಾಪ್‌ಟಾಪ್ ಕಂಪನಿಗಳ ಜೊತೆ ಮೈಕ್ರೋಸಾಫ್ಟ್ ದಶಕಗಳಿಂದ ಇಟ್ಟುಕೊಂಡಿರುವ ವ್ಯವಹಾರ.

ಕಲಿಯಬೇಕೇ ಅಂದರೆ, ಖಂಡಿತ ಕಲಿಯಿರಿ. ಅದಕ್ಕೆ ಈ ಶೇಕಡಾವಾರು ಬೇಕಾಗಿಲ್ಲ. ನೀವು ನಾಳೆ ಕೆಲಸ ಮಾಡುವ ಸರ್ವರ್‌ಗಳು ಬಹುಪಾಲು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೆ ಯಾವುದೂ ಇಲ್ಲ. ವಿಂಡೋಸ್ ತೆಗೆಯದೆಯೇ ಅದರೊಳಗೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್ ಸೌಲಭ್ಯ) ಹಾಕಿಕೊಂಡು ಶುರು ಮಾಡಿ.

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಕರಪತ್ರ, ಆಗಾಗ ಕವನ ಸಂಕಲನ. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ಫಾಂಟ್. ಮಗ ‘ಲಿನಕ್ಸ್‌ಗೆ ಹೋಗೋಣ, ಎಲ್ಲ ಉಚಿತ’ ಅನ್ನುತ್ತಾನೆ. ಹೋಗಬಹುದಾ? (ಓದುಗರೊಬ್ಬರು, ಚಿತ್ರದುರ್ಗ)

ನಾನೂ ಡಿಟಿಪಿಯಿಂದಲೇ ಈ ಕಸುಬಿಗೆ ಬಂದವಳು. ಅದಕ್ಕೇ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ನಿಮ್ಮನ್ನು ಹಿಡಿದಿಟ್ಟಿರುವುದು ವಿಂಡೋಸ್ ಅಲ್ಲ, ನಿಮ್ಮ ಹಳೇ ಫೈಲುಗಳು. ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ‘ಕ’ ಎಂದು ಒತ್ತಿದರೆ ಫೈಲಿನೊಳಗೆ ಕನ್ನಡ ಅಕ್ಷರ ಕೂರುವುದಿಲ್ಲ. ಯಾವುದೋ ಇಂಗ್ಲಿಷ್ ಗುರುತು ಕೂರುತ್ತದೆ. ಫಾಂಟ್ ಆ ಗುರುತಿನ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ಡಾಲರ್ ಗುರುತು, ಟೋಪಿ ಹಾಕಿದ ಎ, ಇಂಥವೇ ಕಾಣುವುದು ಅದಕ್ಕೇ. ಯೂನಿಕೋಡ್‌ನಲ್ಲಿ ಹಾಗಿಲ್ಲ, ಒಳಗೂ ಕನ್ನಡವೇ ಇರುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಹಾಗಾಗಿ ನೀವು ನುಡಿ ಫಾಂಟ್‌ಗೆ, ನುಡಿ ಫಾಂಟ್ ಪೇಜ್‌ಮೇಕರ್‌ಗೆ, ಪೇಜ್‌ಮೇಕರ್ ವಿಂಡೋಸ್‌ಗೆ ಅಂಟಿಕೊಂಡಿದ್ದೀರಿ. ಮೂರನೆಯದನ್ನು ಮೊದಲು ಕಿತ್ತರೆ ಪ್ರೆಸ್ ನಿಲ್ಲುತ್ತದೆ.

ಬಿಡಿಸುವುದಾದರೆ ಮೊದಲನೆಯದರಿಂದ ಶುರು ಮಾಡಿ. ವಿಂಡೋಸ್ ಮೇಲೇ ಇದ್ದುಕೊಂಡು ಹೊಸ ಕೆಲಸಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಬೆರಳಿಗೆ ಕಷ್ಟವಿಲ್ಲ, ಅದೇ ಕಗಪ ಕೀಲಿಮಣೆ ಯೂನಿಕೋಡ್‌ಗೂ ಇದೆ. ಹಳೇ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ನೋಡಿ. ಲಗ್ನಪತ್ರಿಕೆಯಲ್ಲಿ ವರನ ಹೆಸರು ತಪ್ಪಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ!

ಆಮೇಲೆ ಪುಟ ಕಟ್ಟುವ ತಂತ್ರಾಂಶ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ, ಆದರೆ ದುಡ್ಡು ಬೇಕು, ವಿಂಡೋಸ್ ಅಥವಾ ಮ್ಯಾಕ್ ಬೇಕು. ಲಿನಕ್ಸ್‌ನಲ್ಲಿ ಸ್ಕ್ರೈಬಸ್ ಇದೆ. ಬಹಳ ವರ್ಷ ಅದಕ್ಕೆ ನಮ್ಮ ಒತ್ತಕ್ಷರ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಸರಿಯಾಗಿದೆ. ಕವನ ಸಂಕಲನಕ್ಕೆ ಅದು ಸಾಕು. ಲಿನಕ್ಸ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಕನ್ನಡದ ಕೆಳಗೆ ಹುಡುಕಿದರೆ ಕಗಪ ಸಿಗುತ್ತದೆ. ಆದರೆ ಕೋರೆಲ್‌ಡ್ರಾಗೆ ಅಲ್ಲಿ ಜಾಗವಿಲ್ಲ. ಪ್ಲೇಟ್ ಮಾಡುವವರು ನಿಮ್ಮಿಂದ ಕೋರೆಲ್ ಫೈಲನ್ನೇ ಕೇಳುತ್ತಿದ್ದರೆ ಮಗನ ಮಾತು ಸದ್ಯಕ್ಕೆ ಬೇಡ. ಪಿಡಿಎಫ್ ಸಾಕು ಅಂದರೆ ಒಂದು ಮೆಷಿನ್‌ಗೆ ಹಾಕಿ ನೋಡಲಿ. ಹಳೇ ಫೈಲು ತೆರೆಯಲು ಒಂದು ವಿಂಡೋಸ್ ಮೆಷಿನ್ ಇಂಟರ್‌ನೆಟ್ ತೆಗೆದು ಮೂಲೆಯಲ್ಲಿ ಇಟ್ಟುಕೊಳ್ಳಿ. ನನ್ನ ಅಂಗಡಿಯಲ್ಲೂ ಒಂದಿದೆ.

ಪ್ರಶ್ನೆ: ವಿಂಡೋಸ್ ಎಕ್ಸ್‌ಪಿಯಷ್ಟು ಚೆನ್ನಾಗಿದ್ದದ್ದು ಮತ್ತೆ ಬರಲೇ ಇಲ್ಲ. ನೀವೇನಂತೀರಿ? (ಓದುಗರೊಬ್ಬರು, ಗದಗ)

ಆ ಹಸಿರು ಗುಡ್ಡದ ಚಿತ್ರ ಕಂಡರೆ ನನಗೂ ಖುಷಿ. ಆದರೆ ಎಕ್ಸ್‌ಪಿ ಅಷ್ಟು ದಿನ ಉಳಿದದ್ದು ಅದರ ಒಳ್ಳೆತನದಿಂದ ಮಾತ್ರ ಅಲ್ಲ, ಅದರ ನಂತರ ಬಂದ ವಿಂಡೋಸ್ ವಿಸ್ಟಾ ಭಾರವಾಗಿದ್ದರಿಂದ. 2001ರ ಎಕ್ಸ್‌ಪಿಯನ್ನು ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ವಿಂಡೋಸ್ 7 ಹಿಂದೆ ಹಾಕಿದ್ದು 2011ರ ಅಕ್ಟೋಬರ್‌ನಲ್ಲಿ, ಬಂದು ಎರಡು ವರ್ಷಕ್ಕೆ. 2012ರ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ಕಿತ್ತುಹಾಕಿತು. ಅದು ವಿಂಡೋಸ್ 7ನ್ನು ದಾಟಲೇ ಇಲ್ಲ. 2015ರ ಜುಲೈನಲ್ಲಿ ಬಂದ 10 ಉಚಿತವಾಗಿ ಸಿಕ್ಕರೂ 7ನ್ನು ದಾಟಲು 2018ರ ಜನವರಿ ಬೇಕಾಯಿತು. 11ಕ್ಕಂತೂ ಹತ್ತಿರ ಹತ್ತಿರ ನಾಲ್ಕು ವರ್ಷ: 2021ರ ಅಕ್ಟೋಬರ್‌ನಲ್ಲಿ ಬಂದು, 10ನ್ನು ದಾಟಿದ್ದು 2025ರ ಜುಲೈನಲ್ಲಿ. ಅಂದರೆ ಹಳೆಯದರ ಗಡುವಿಗೆ ಮೂರು ತಿಂಗಳು ಉಳಿದಾಗ. ವಿಂಡೋಸ್‌ನ ದೊಡ್ಡ ಎದುರಾಳಿ ಯಾವಾಗಲೂ ಹಿಂದಿನ ವಿಂಡೋಸೇ.

ನಮ್ಮ ಬ್ಯಾಂಕುಗಳ ಎಟಿಎಂಗಳಲ್ಲಿ ಎಕ್ಸ್‌ಪಿ ಎಷ್ಟು ಬೇರು ಬಿಟ್ಟಿತ್ತೆಂದರೆ, 2014ರ ಏಪ್ರಿಲ್‌ನಲ್ಲಿ ಅದರ ಅಪ್‌ಡೇಟ್ ನಿಂತ ಮೇಲೂ ಬ್ಯಾಂಕುಗಳು ಕದಲಲಿಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಕಳಿಸಿ 2019ರ ಜೂನ್ ಒಳಗೆ ತೆಗೆಯಿರಿ ಎಂದು ಗಡುವು ಹಾಕಬೇಕಾಯಿತು.

ಪ್ರಶ್ನೆ: ಮಗಳು ಬಿಕಾಂ ಸೇರಿದ್ದಾಳೆ. ಗೆಳತಿಯರ ಹತ್ತಿರ ಮ್ಯಾಕ್‌ಬುಕ್ ಇದೆ, ನನಗೂ ಬೇಕು ಅನ್ನುತ್ತಾಳೆ. ಕೊಡಿಸಬಹುದಾ? (ತಾಯಿಯೊಬ್ಬರು, ಪುತ್ತೂರು)

ಮೆಷಿನ್ ಬಗ್ಗೆ ತಕರಾರಿಲ್ಲ ಅಮ್ಮ. 2020ರ ಕೊನೆಗೆ ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಮೇಲೆ ಬ್ಯಾಟರಿ ಬಾಳಿಕೆಯಲ್ಲಿ ಅದು ಮುಂದಿದೆ. ಅಷ್ಟಾಗಿ ಬಿಸಿಯೂ ಆಗುವುದಿಲ್ಲ. ಆದರೆ ಬಿಕಾಂ ಅಂದರೆ ಟ್ಯಾಲಿ. ಅದು ವಿಂಡೋಸ್‌ಗೆ ಮಾಡಿದ ತಂತ್ರಾಂಶ. ಎಕ್ಸೆಲ್ ಮ್ಯಾಕ್‌ನಲ್ಲಿ ಇದ್ದರೂ, ದೊಡ್ಡ ದೊಡ್ಡ ಪಟ್ಟಿಗಳನ್ನು ಜೋಡಿಸಿ ಲೆಕ್ಕ ಹಾಕುವ ಪವರ್ ಪಿವಟ್ ಅಲ್ಲಿಲ್ಲ. ಮ್ಯಾಕ್ ಒಳಗೆ ವಿಂಡೋಸ್ ಓಡಿಸುವ ದಾರಿ ಇದೆ, ಅದಕ್ಕೆ ಇನ್ನಷ್ಟು ಖರ್ಚು. ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ, 16 ಜಿಬಿ ರ‍್ಯಾಮ್ ಇರಲಿ. ಮುನಿಸಿಕೊಂಡರೆ ನನ್ನ ಹೆಸರು ಹೇಳಿ. ಇನ್ನೊಂದು ಮಾತು: ಅಗ್ಗಕ್ಕೆ ಸಿಗುತ್ತದೆಂದು ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಮಾತ್ರ ಬೇಡ. 2025ರಲ್ಲಿ ಬಂದ ಮ್ಯಾಕ್ ಆಪರೇಟಿಂಗ್ ಸಿಸ್ಟಂನ ಟಾಹೊ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ ಹೇಳಿಯಾಗಿದೆ.

ಪ್ರಶ್ನೆ: ಊರಲ್ಲಿ ಆನ್‌ಲೈನ್ ಸೇವಾ ಕೇಂದ್ರ ನಡೆಸುತ್ತೇನೆ. ಲಿನಕ್ಸ್ ಹಾಕಿದರೆ ವೈರಸ್ ಕಾಟ ತಪ್ಪುತ್ತದಂತೆ? (ಓದುಗರೊಬ್ಬರು, ಅಥಣಿ)

ಕಮ್ಮಿಯಾಗುತ್ತದೆ, ನಿಜ. ಆದರೆ ಆಧಾರ್ ಬೆರಳಚ್ಚು ಸಾಧನಗಳಿಗೆ ಬೇಕಾದ ಆರ್‌ಡಿ ಸರ್ವೀಸ್ ತಂತ್ರಾಂಶ ಸಿಗುವುದು ಬಹುತೇಕ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ. ಬೆರಳು ಒತ್ತಿಸಲು ಜನ ಸಾಲು ನಿಂತಾಗ ಸಾಧನ ಸಿಗುತ್ತಿಲ್ಲ ಅಂದರೆ ಊರಲ್ಲಿ ನಿಮ್ಮ ಮರ್ಯಾದೆ ಏನಾಗಬೇಕು? ಆ ಮೆಷಿನ್ ವಿಂಡೋಸ್ 11ರಲ್ಲೇ ಇರಲಿ. ಗಿರಾಕಿಗಳ ಪೆನ್‌ಡ್ರೈವ್ ಹಾಕಲು, ಜೆರಾಕ್ಸ್‌ಗೆ ಬಂದ ಫೈಲು ತೆರೆಯಲು ಒಂದು ಹಳೇ ಡೆಸ್ಕ್‌ಟಾಪ್‌ಗೆ ಮಿಂಟ್ ಹಾಕಿ ಬೇರೆ ಇಡಿ. ವೈರಸ್ ಬರುವುದೇ ಆ ದಾರಿಯಲ್ಲಿ.

ಪ್ರಶ್ನೆ: ಗೇಮ್ ಆಡಲು ವಿಂಡೋಸ್ ಬಿಟ್ಟರೆ ಗತಿಯಿಲ್ಲವಾ? (ಓದುಗರೊಬ್ಬರು, ಬೆಂಗಳೂರು)

ಈಗ ಇದೆ. 2018ರಲ್ಲಿ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ವಿಂಡೋಸ್ ಗೇಮ್‌ಗಳು ಲಿನಕ್ಸ್‌ನಲ್ಲೂ ಓಡತೊಡಗಿದವು. 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಅವರದೇ ಸಾಧನ ಸ್ಟೀಮ್ ಡೆಕ್ ಬಂತು, ಅದರೊಳಗಿರುವುದೂ ಲಿನಕ್ಸ್. ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್ 2023ರಲ್ಲಿ ಮ್ಯಾಕನ್ನು ದಾಟಿತು, 2025ರ ಅಕ್ಟೋಬರ್‌ನಲ್ಲಿ ಶೇ 3 ಮುಟ್ಟಿತು. ಆದರೆ ವ್ಯಾಲರಂಟ್ ಥರದ ಕೆಲವು ಗೇಮ್‌ಗಳು ಮೋಸ ಹಿಡಿಯುವ ತಂತ್ರಾಂಶವನ್ನು ವಿಂಡೋಸ್‌ನ ಆಳಕ್ಕೆ ಇಳಿಸುತ್ತವೆ. ಅವು ಲಿನಕ್ಸ್‌ನಲ್ಲಿ ಓಡುವುದಿಲ್ಲ. ನೀವು ಗೆಳೆಯರ ಜೊತೆ ಆಡುವುದು ಅದನ್ನೇ ಆದರೆ ಸುಮ್ನೆ ವಿಂಡೋಸ್ ಇಟ್ಟುಕೊಳ್ಳಿ. ಒಬ್ಬರೇ ಆಡುವ ಗೇಮ್‌ಗಳಾದರೆ ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ಗೇಮಿನ ಹೆಸರು ಹಾಕಿ. ಓಡುತ್ತದೋ ಇಲ್ಲವೋ ಅಂತ ಆಡಿದವರೇ ಬರೆದಿರುತ್ತಾರೆ.