ನಮ್ಮ ಎಂಪಿ ಒಂದು ಮಸೂದೆಗೆ ಹೇಗೆ ಮತ ಹಾಕಿದರು ಎಂದು ಎಲ್ಲಿ ನೋಡಬಹುದು? ಯಾವ ಮಸೂದೆ ಯಾವಾಗ ಬರಬೇಕೆಂದು ಯಾರು ನಿರ್ಧರಿಸುತ್ತಾರೆ?

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ: ಹೆಚ್ಚಿನ ಮಸೂದೆಗಳ ವಿಷಯದಲ್ಲಿ ಎಲ್ಲೂ ಸಿಗುವುದಿಲ್ಲ. ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ. ಯಾರು ಯಾವ ಕಡೆ ಎಂಬ ದಾಖಲೆಯೇ ಹುಟ್ಟಿರುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಮಸೂದೆಯೊಂದರ ಬಗ್ಗೆ "ಬೆಳಿಗ್ಗೆ ಪಟ್ಟಿಯಲ್ಲಿ ಇರಲಿಲ್ಲ, ಸಂಜೆ ನೋಡಿದರೆ ಪಾಸಾಗಿತ್ತು" ಎಂದು ಬರೆದಿದ್ದೀರಲ್ಲ, ಅದಕ್ಕೂ ಇದಕ್ಕೂ ನಂಟಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಕೆಲವು ವರ್ಷ ದೆಹಲಿಯಲ್ಲಿ ನಮ್ಮ ಕಡೆಯ ಒಬ್ಬ ಲೋಕಸಭಾ ಸದಸ್ಯರ ಆಪ್ತ ಸಹಾಯಕನಾಗಿದ್ದೆ. ಪಿಎ ಅಂದರೆ ದೊಡ್ಡ ರಾಜಕೀಯ ಕೆಲಸ ಎಂದು ಊರಲ್ಲಿ ತಿಳಿದುಕೊಂಡಿದ್ದರು. ನಿಜ ಹೇಳಬೇಕೆಂದರೆ ನನ್ನ ದಿನದ ಅರ್ಧ ಭಾಗ ಎರಡು ಕಾಗದಗಳ ಹಿಂದೆಯೇ ಹೋಗುತ್ತಿತ್ತು. ಒಂದು ಮರುದಿನ ಸದನದಲ್ಲಿ ಏನೇನು ನಡೆಯಲಿದೆ ಎಂಬ ಕಲಾಪ ಪಟ್ಟಿ, ಇನ್ನೊಂದು ವಿಮಾನದ ಟಿಕೆಟ್. ಮೊದಲನೆಯದು ಬರದೆ ಎರಡನೆಯದನ್ನು ಮಾಡಿಸುವಂತಿಲ್ಲ.

ಪಟ್ಟಿ ಹೇಗೆ ತಯಾರಾಗುತ್ತದೆ? ಅಧಿವೇಶನ ಯಾವಾಗ ಎನ್ನುವುದನ್ನು ಕೇಂದ್ರ ಸಂಪುಟದ ಸಂಸದೀಯ ವ್ಯವಹಾರಗಳ ಸಮಿತಿ ತೀರ್ಮಾನಿಸುತ್ತದೆ, ರಾಷ್ಟ್ರಪತಿ ಕರೆಯುತ್ತಾರೆ. ಸಂವಿಧಾನ ಹೇಳುವುದು ಇಷ್ಟೇ: ಎರಡು ಅಧಿವೇಶನಗಳ ನಡುವೆ 6 ತಿಂಗಳು ಕಳೆಯುವಂತಿಲ್ಲ. ಬಜೆಟ್, ಮುಂಗಾರು, ಚಳಿಗಾಲ ಎಂಬ ಮೂರು ಅಧಿವೇಶನಗಳು ರೂಢಿಯಿಂದ ಬಂದವು. ಅಧಿವೇಶನ ಶುರುವಾದ ಮೇಲೆ ಕಲಾಪ ಸಲಹಾ ಸಮಿತಿ ಎಂಬುದೊಂದಿದೆ. ಲೋಕಸಭೆಯಲ್ಲಿ 15 ಜನ, ಸ್ಪೀಕರ್ ಅವರೇ ಅಧ್ಯಕ್ಷರು. ಯಾವ ಮಸೂದೆಯ ಚರ್ಚೆಗೆ ಎಷ್ಟು ಗಂಟೆ ಎಂದು ಹಂಚುವುದು ಇವರ ಕೆಲಸ. ಆ ಗಂಟೆಗಳನ್ನು ಮತ್ತೆ ಪಕ್ಷಗಳ ಬಲದ ಪ್ರಕಾರ ಪಾಲು ಹಾಕುತ್ತಾರೆ. ಸಣ್ಣ ಪಕ್ಷದವರಿಗೆ ನಾಲ್ಕು ನಿಮಿಷ ಸಿಗುತ್ತದೆ, ಅದರಲ್ಲಿ ಒಂದು ನಿಮಿಷ ಸ್ಪೀಕರ್‌ಗೆ ಧನ್ಯವಾದ ಹೇಳುವುದರಲ್ಲೇ ಹೋಗುತ್ತದೆ.

ಆದರೆ ಸಮಿತಿ ಹಂಚುವುದು ಎಷ್ಟು ಹೊತ್ತು ಎಂಬುದನ್ನು. ಯಾವುದು ಮೊದಲು, ಯಾವುದು ನಂತರ ಎಂಬ ಸಾಲು ನಿಯಮದ ಪ್ರಕಾರ ಸ್ಪೀಕರ್ ಅವರು ಸದನದ ನಾಯಕರ (ಲೋಕಸಭೆಯಲ್ಲಿ ಸಾಮಾನ್ಯವಾಗಿ ಪ್ರಧಾನಿ) ಜೊತೆ ಸಮಾಲೋಚಿಸಿ ಇಡುವಂಥದ್ದು. ಅಂದರೆ ಲೆಕ್ಕದಲ್ಲಿ ಸರ್ಕಾರ ಕೇಳಿದ ಸಾಲು. ಸಂಸದೀಯ ವ್ಯವಹಾರಗಳ ಸಚಿವರು ಮುಂದಿನ ವಾರದ ಸರ್ಕಾರಿ ಕೆಲಸವನ್ನು ವಾರದ ಕೊನೆಗೆ ಸದನದಲ್ಲಿ ಓದುತ್ತಾರೆ. ಈ ಖಾತೆ ನಮ್ಮವರ ಕೈಲಿ ಎರಡು ಸಲ ಹತ್ತಿರ ಹತ್ತಿರ ಬಂದಿತ್ತು: ಮೊದಲು ಅನಂತಕುಮಾರ್, ಆಮೇಲೆ 2019ರಿಂದ ಪ್ರಹ್ಲಾದ ಜೋಶಿ. ಕರ್ನಾಟಕದ ಪಿಎಗಳಿಗೆ ಒಳಗಿನ ಸುದ್ದಿ ಕನ್ನಡದಲ್ಲೇ ಸಿಗುತ್ತದೆ ಎಂದು ಬೇರೆ ರಾಜ್ಯದವರಿಗೆ ಹೊಟ್ಟೆಕಿಚ್ಚು. ಪಾಪ, ನಮಗೂ ಅದೇ ಪಟ್ಟಿ, ಅದೇ ಹೊತ್ತಿಗೆ.

ಪಟ್ಟಿಯ ಮೇಲೆ ಇನ್ನೊಂದು ಪೂರಕ ಪಟ್ಟಿ ಬರಬಹುದು. ನಿಮ್ಮ "ಬೆಳಿಗ್ಗೆ ಇರಲಿಲ್ಲ, ಸಂಜೆ ಪಾಸಾಯಿತು" ಎಂಬ ದೂರಿನ ಮೂಲ ಬಹುಶಃ ಇದೇ. ಮಸೂದೆಯ ಪ್ರತಿಯನ್ನು ಎರಡು ದಿನ ಮೊದಲೇ ಸದಸ್ಯರಿಗೆ ಕೊಡಬೇಕು ಎಂಬಂಥ ನಿಯಮಗಳಿವೆ, ಆದರೆ ಪೀಠದಲ್ಲಿರುವವರು, ಅಂದರೆ ಸ್ಪೀಕರ್ ಅಥವಾ ಸಭಾಪತಿ, ಅದನ್ನು ಸಡಿಲಿಸಬಹುದು. 2019ರ ಆಗಸ್ಟ್ 5ರಂದು ಜಮ್ಮು ಕಾಶ್ಮೀರದ ವಿಷಯ ರಾಜ್ಯಸಭೆಗೆ ಬಂದದ್ದು ಹೀಗೆಯೇ. ಬೆಳಿಗ್ಗೆ ಮಂಡನೆಯಾದ ಪುನರ್ರಚನಾ ಮಸೂದೆ ಅದೇ ಸಂಜೆ 125–61ರಲ್ಲಿ ಪಾಸಾಯಿತು. ಆ ಮಸೂದೆ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ನಾನು ಹೇಳುತ್ತಿರುವುದು ಹೊತ್ತಿನ ಬಗ್ಗೆ. ಓದಿಕೊಳ್ಳಲು ಒಂದು ರಾತ್ರಿಯೂ ಸಿಗದಿದ್ದರೆ ವಿರೋಧಿಸುವವನೂ ಭಾಷಣ ಮಾಡುತ್ತಾನೆ, ತಿದ್ದುಪಡಿ ಕೊಡಲಾರ.

ಗಂಟೆಗಳಿಗಾಗಿ ಜಗಳವೂ ಆಗುತ್ತದೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ ಸಲಹಾ ಸಮಿತಿ 8 ಗಂಟೆ ಕೊಟ್ಟಿತು. 12 ಬೇಕು ಎಂದು ಕೇಳಿದ ವಿರೋಧ ಪಕ್ಷದವರು ಸಭೆಯಿಂದ ಎದ್ದು ನಡೆದರು. ಕೊನೆಗೆ ಚರ್ಚೆ ಮಧ್ಯರಾತ್ರಿ ದಾಟಿ, ಅವರು ಕೇಳಿದ್ದ 12 ಗಂಟೆಯನ್ನೂ ಮೀರಿ ನಡೆಯಿತು! ಫಲಿತಾಂಶ 288–232. ಅದು ಹೊರಬಿದ್ದಾಗ ಸುಮಾರು ಬೆಳಗಿನ ಜಾವ ಎರಡು ಗಂಟೆ.

ಶುಕ್ರವಾರದ ಬಗ್ಗೆ ಹೇಳದಿದ್ದರೆ ಪಿಎ ಧರ್ಮಕ್ಕೆ ದ್ರೋಹ. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದ್ದು, ಅಂದರೆ ಮಂತ್ರಿಯಲ್ಲದ ಯಾವ ಸದಸ್ಯರೂ ತಮ್ಮದೇ ಮಸೂದೆ ತರಬಹುದು. ಆದರೆ ಅಷ್ಟೊತ್ತಿಗೆ ಅರ್ಧ ಸದನ ವಿಮಾನ ನಿಲ್ದಾಣದ ದಾರಿಯಲ್ಲಿರುತ್ತದೆ, ನಾನೇ ಎಷ್ಟು ಟಿಕೆಟ್ ಮಾಡಿಸಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಇಂಥ 14 ಮಸೂದೆಗಳು ಕಾನೂನಾಗಿವೆ, ಕೊನೆಯದು 1970ರಲ್ಲಿ.

ಇನ್ನು ಮತಕ್ಕೆ ಬರೋಣ. ಚರ್ಚೆ ಮುಗಿದ ಮೇಲೆ ಪೀಠದಿಂದ ಪರವಾಗಿರುವವರು "ಹಾಂ" ಎನ್ನಿ, ವಿರುದ್ಧ ಇರುವವರು "ನಾ" ಎನ್ನಿ ಎಂಬ ಮಾತು ಬರುತ್ತದೆ. ಎರಡೂ ಕಡೆ ಕೂಗುತ್ತಾರೆ. ಯಾವ ಸದ್ದು ದೊಡ್ಡದು ಎಂದು ಪೀಠದಲ್ಲಿರುವವರ ಕಿವಿಗೆ ಅನ್ನಿಸುತ್ತದೋ ಅದು ತೀರ್ಪು. ಇದೇ ಧ್ವನಿಮತ. ಎಣಿಕೆ ಇಲ್ಲ, ಹೆಸರಿಲ್ಲ. ಮಸೂದೆಗಳಲ್ಲಿ ಬಹುಪಾಲು ಹೀಗೇ ಪಾಸಾಗುವುದು. ನಿಮ್ಮ ಎಂಪಿ "ಹಾಂ" ಎಂದರೋ, "ನಾ" ಎಂದರೋ, ಹೊರಗೆ ಕಾಫಿ ಕುಡಿಯುತ್ತಿದ್ದರೋ, ಯಾರಿಗೂ ಗೊತ್ತಾಗುವ ದಾರಿಯಿಲ್ಲ.

ಆದರೆ ಒಬ್ಬರಾದರೂ ಎದ್ದು ಒಪ್ಪುವುದಿಲ್ಲ, ಎಣಿಸಿ ಎಂದರೆ ಮತವಿಭಜನೆ ಆಗಬೇಕು. ಲಾಬಿಗಳನ್ನು ಖಾಲಿ ಮಾಡಿಸುತ್ತಾರೆ, ಮೂರೂವರೆ ನಿಮಿಷ ಗಂಟೆ ಬಾರಿಸುತ್ತದೆ, ಬಾಗಿಲು ಮುಚ್ಚುತ್ತದೆ. ಆ ಗಂಟೆಯ ಸದ್ದಿಗೆ ಧೋತರ ಎತ್ತಿ ಹಿಡಿದು ಓಡುವ ಹಿರಿಯರನ್ನು ನಾನು ಹಳೆಯ ಕಟ್ಟಡದ ಓಣಿಗಳಲ್ಲಿ ನೋಡಿದ್ದೇನೆ. ಆಮೇಲೆ ಮತ್ತೊಮ್ಮೆ ಕೇಳುತ್ತಾರೆ, ಆಗಲೂ ತಕರಾರಿದ್ದರೆ ಯಂತ್ರ. ಹಳೆಯ ಕಟ್ಟಡದಲ್ಲಿ ಮತ ಹಾಕಲು ಎರಡು ಕೈ ಬೇಕಿತ್ತು: ಒಂದರಲ್ಲಿ ಚಾಲನೆಯ ಗುಂಡಿ, ಇನ್ನೊಂದರಲ್ಲಿ ಹಸಿರು, ಕೆಂಪು ಅಥವಾ ಹಳದಿ. ಹಳದಿ ತಟಸ್ಥರದ್ದು. ಹತ್ತು ಸೆಕೆಂಡು ಎರಡನ್ನೂ ಒತ್ತಿ ಹಿಡಿದಿರಬೇಕಿತ್ತು. ನಮ್ಮ ಸಾಹೇಬರು ಮೊದಲ ಸಲ ಹಸಿರು ಗುಂಡಿಯೊಂದನ್ನೇ ಒತ್ತಿ ನಿರಾಳವಾಗಿ ಕೂತರಂತೆ (ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ, ಅವರೇ ಆಮೇಲೆ ನಗುತ್ತಾ ಹೇಳಿದ್ದು). ಬೋರ್ಡಿನಲ್ಲಿ ಅವರ ಮತವೇ ಬಂದಿರಲಿಲ್ಲ, ಚೀಟಿ ತರಿಸಿಕೊಂಡು ಬರೆದು ಕೊಟ್ಟರು. ಇದು ಅಪರೂಪವೇನಲ್ಲ. ಸ್ಪೀಕರ್ ಫಲಿತಾಂಶ ಓದುವಾಗ "ತಿದ್ದುಪಡಿಗೆ ಒಳಪಟ್ಟು" ಎಂದು ಸೇರಿಸುವುದು ಇದಕ್ಕೇ. 2024ರ ಡಿಸೆಂಬರ್ 17ರಂದು 'ಒಂದು ದೇಶ ಒಂದು ಚುನಾವಣೆ' ಮಸೂದೆ ಮಂಡಿಸಲು ಹೊಸ ಕಟ್ಟಡದಲ್ಲಿ ಮೊದಲ ಸಲ ಯಂತ್ರದಿಂದ ಮತ ಹಾಕಿಸಿದಾಗ ಬೋರ್ಡಿನಲ್ಲಿ 220–149 ಬಂತು. ಚೀಟಿಗಳೆಲ್ಲ ಸೇರಿದ ಮೇಲೆ 269–198.

ಹಾಗಾದರೆ ವಿರೋಧ ಪಕ್ಷದವರು ಪ್ರತಿ ಸಲವೂ ಎಣಿಕೆ ಕೇಳಬಹುದಲ್ಲ? ಕೇಳಬಹುದು, ಸಾಮಾನ್ಯವಾಗಿ ಕೇಳುವುದಿಲ್ಲ. ಸೋಲು ಖಚಿತವಿದ್ದಾಗ ತಮ್ಮ ಕಡೆಯ ಬೆಂಚುಗಳು ಎಷ್ಟು ಖಾಲಿ ಎಂದು ಬೋರ್ಡಿನಲ್ಲಿ ತೋರಿಸಿಕೊಳ್ಳಲು ಯಾರಿಗೆ ಇಷ್ಟ? ಇದನ್ನು ಎರಡೂ ಕಡೆಯವರು ಒಪ್ಪುವುದಿಲ್ಲ, ಆದರೆ ನಾನು ಕಂಡದ್ದು ಹಾಗೆ. ಕೇಳಿದಾಗಲೂ ಸಿಗದೆ ಹೋದದ್ದಿದೆ. 2020ರ ಸೆಪ್ಟೆಂಬರ್ 20, ಭಾನುವಾರ, ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು. ಕಲಾಪ ಒಂದು ಗಂಟೆಗೆ ಮುಗಿಯಬೇಕಿತ್ತು. ಅದನ್ನು ಮುಂದುವರಿಸುವುದೋ ಮರುದಿನಕ್ಕೆ ಇಡುವುದೋ ಎಂಬಲ್ಲಿಂದಲೇ ಗಲಾಟೆ ಶುರು. ವಿರೋಧ ಪಕ್ಷದವರು ಮತವಿಭಜನೆ ಕೇಳಿದರು. ಸದಸ್ಯರು ತಮ್ಮ ಜಾಗದಲ್ಲಿ ಇರದೆ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿದಿದ್ದರು ಎಂಬ ಕಾರಣ ಕೊಟ್ಟು ಉಪಸಭಾಪತಿ ಹರಿವಂಶ್ ಧ್ವನಿಮತದಲ್ಲೇ ಪಾಸು ಮಾಡಿಸಿದರು. ಮರುದಿನ 8 ಸದಸ್ಯರ ಅಮಾನತು, ಅವರಲ್ಲಿ ನಮ್ಮ ರಾಜ್ಯದ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು. ಎಣಿಸಿದ್ದರೂ ಮಸೂದೆ ಪಾಸಾಗುತ್ತಿತ್ತೇನೋ. ಆದರೆ ಯಾವ ಸದಸ್ಯರು ಯಾವ ಕಡೆ ಇದ್ದರು ಎಂಬುದು ಕಾಗದದ ಮೇಲೆ ಉಳಿಯುತ್ತಿತ್ತು, ನೀವು ಇವತ್ತು ನೋಡಬಹುದಿತ್ತು. ಅಂದಹಾಗೆ ಆ ಕಾನೂನುಗಳನ್ನು 2021ರ ನವೆಂಬರ್ 29ರಂದು ರದ್ದು ಮಾಡಿದಾಗಲೂ ಎರಡೂ ಸದನಗಳಲ್ಲಿ ಚರ್ಚೆ ಇರಲಿಲ್ಲ.

ಗದ್ದಲದಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದೇ ನನಗೆ ಇವತ್ತಿಗೂ ಅರಗದ ವಿಷಯ. 2018ರ ಮಾರ್ಚ್‌ನಲ್ಲಿ ಅವಿಶ್ವಾಸ ಗೊತ್ತುವಳಿಯ ನೋಟಿಸುಗಳು ದಿನಾ ಬರುತ್ತಿದ್ದವು. ಅದನ್ನು ಎತ್ತಿಕೊಳ್ಳಲು 50 ಸದಸ್ಯರು ಎದ್ದು ನಿಲ್ಲಬೇಕು. ಸದನ ಸುಸ್ಥಿತಿಯಲ್ಲಿಲ್ಲ, ತಲೆ ಎಣಿಸಲಾಗದು ಎಂದು ಸ್ಪೀಕರ್ ಸುಮಿತ್ರಾ ಮಹಾಜನ್ ದಿನಾ ಮುಂದೂಡುತ್ತಿದ್ದರು. ಸರಿ, ಒಪ್ಪೋಣ. ಆದರೆ ಅದೇ ತಿಂಗಳ 14ರಂದು, ಅಂಥದ್ದೇ ಗದ್ದಲದ ನಡುವೆ, ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳನ್ನು (ಖರ್ಚಿಗೆ ಕೇಳಿದ ಹಣ) ಒಟ್ಟಿಗೆ ಗಿಲೊಟಿನ್‌ಗೆ ಹಾಕಿ, ಅಂದರೆ ಒಂದೊಂದಾಗಿ ಚರ್ಚಿಸದೆ ಒಂದೇ ಸಲ ಮತಕ್ಕೆ ಹಾಕಿ, ಹಣಕಾಸು ಮಸೂದೆಯನ್ನೂ ಸೇರಿಸಿ, ಚರ್ಚೆಯಿಲ್ಲದೆ ಸುಮಾರು ಅರ್ಧ ಗಂಟೆಯಲ್ಲಿ ಮುಗಿಸಿದ್ದರು. ಐವತ್ತು ತಲೆ ಎಣಿಸಲು ಅಡ್ಡ ಬಂದ ಗದ್ದಲ ಇಡೀ ದೇಶದ ಬಜೆಟ್‌ಗೆ ಅಡ್ಡ ಬರಲಿಲ್ಲ. ಅವಿಶ್ವಾಸ ಮುಂದಿನ ಅಧಿವೇಶನದಲ್ಲಿ, ಜುಲೈ 20ಕ್ಕೆ, ಚರ್ಚೆಗೆ ಬಂದು 325–126ರಲ್ಲಿ ಬಿತ್ತು. ಫಲಿತಾಂಶ ಮಾರ್ಚ್‌ನಲ್ಲೂ ಅದೇ ಆಗಿರುತ್ತಿತ್ತು, ಆದರೆ ನಾಲ್ಕು ತಿಂಗಳು ಯಾರ ಕೈಲಿತ್ತು ಎಂಬುದನ್ನು ನೋಡಿ.

ನಮ್ಮ ವಿಧಾನಸಭೆಯಲ್ಲಿ ಇದರ ತದ್ವಿರುದ್ಧ ನಡೆದದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. 2019ರ ಜುಲೈ 18ರಂದು ಕುಮಾರಸ್ವಾಮಿ ವಿಶ್ವಾಸಮತ ಕೋರಿದರು. ರಾಜ್ಯಪಾಲರು ಗಡುವಿನ ಮೇಲೆ ಗಡುವು ಕೊಟ್ಟರು. ಚರ್ಚೆ ಮುಗಿಯದೆ ಮತಕ್ಕೆ ಹಾಕುವುದಿಲ್ಲ ಎಂದು ಸ್ಪೀಕರ್ ರಮೇಶ್ ಕುಮಾರ್ ಕೂತರು. 23ರ ಸಂಜೆ ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು: 99–105. ಅಲ್ಲಿಯೂ ಐದು ದಿನದ ಜಗಳವೆಲ್ಲ ಮತ ಯಾವತ್ತು ಎಂಬುದರದ್ದೇ.

ಈಗ ನಿಮಗೆ ಬೇಕಾದದ್ದು. ಸಂವಿಧಾನ ತಿದ್ದುಪಡಿ ಮಸೂದೆ ಪಾಸಾಗಲು ವಿಶೇಷ ಬಹುಮತ (ಮತ ಹಾಕಿದವರಲ್ಲಿ ಮೂರನೇ ಎರಡರಷ್ಟಾದರೂ ಪರವಾಗಿರಬೇಕು) ಬೇಕಾದ್ದರಿಂದ ಎಣಿಕೆ ಆಗಿಯೇ ತೀರುತ್ತದೆ. 2023ರ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454–2 ಎಂಬ ಲೆಕ್ಕ ಸಿಗುವುದು ಅದಕ್ಕೇ. ಬೇರೆ ಮಸೂದೆಯಾದರೆ ಯಾರಾದರೂ ಮತವಿಭಜನೆ ಕೇಳಿ ಪಡೆದಿರಬೇಕು. ಹಾಗೆ ಆಗಿದ್ದರೆ ಲೋಕಸಭೆಯ ಜಾಲತಾಣದಲ್ಲಿ ಆ ದಿನದ ಚರ್ಚೆಯ ಪೂರ್ಣ ಪಠ್ಯ ತೆರೆಯಿರಿ, ಮಸೂದೆ ಮುಗಿಯುವಲ್ಲಿ ಪರ, ವಿರುದ್ಧ, ತಟಸ್ಥ ಎಂದು ಹೆಸರುಗಳ ಸಾಲೇ ಇರುತ್ತದೆ. ಒಂದು ಎಚ್ಚರಿಕೆ: ಎಣಿಕೆ ಅನವಶ್ಯಕ ಎಂದು ಸ್ಪೀಕರ್‌ಗೆ ಅನ್ನಿಸಿದರೆ ಸದಸ್ಯರನ್ನು ಸುಮ್ಮನೆ ಎದ್ದು ನಿಲ್ಲಿಸಿ ಲೆಕ್ಕ ಹಾಕುವ ಅವಕಾಶವೂ ಇದೆ. ಆಗ ಹೆಸರು ದಾಖಲಾಗುವುದಿಲ್ಲ.

ಮಸೂದೆಯ ಹೆಸರು, ದಿನಾಂಕ ಕಾಮೆಂಟಿನಲ್ಲಿ ಹಾಕಿ. ಮತವಿಭಜನೆ ನಡೆದಿದ್ದರೆ ಪುಟ ಹುಡುಕಿ ಕೊಡುತ್ತೇನೆ. ನಡೆದಿರದಿದ್ದರೆ ನಿಮ್ಮ ಎಂಪಿ ಆ ದಿನ ಹಾಜರಿ ಹಾಕಿದ್ದರೋ ಇಲ್ಲವೋ, ಅಷ್ಟನ್ನು ಮಾತ್ರ ನೋಡಬಹುದು. ಅವರು ಮಂತ್ರಿಗಳಾಗಿದ್ದರೆ ಅದೂ ಇಲ್ಲ, ಮಂತ್ರಿಗಳು ಹಾಜರಿ ಹಾಕುವುದಿಲ್ಲ.