ಲಸಿಕೆಗೆ ಮೊದಲೇ ವೈರಸ್ಸಿನ ತಳಿಗಳನ್ನು ದಾಖಲಿಸುವುದೇಕೆ?

ಪ್ರಶ್ನೆ: ಮಕ್ಕಳ ಭೇದಿಗೆ ಕಾರಣವಾಗುವ ರೋಟಾ ವೈರಸ್ಸಿನ ಯಾವ ತಳಿಗಳು ಹರಡಿವೆಯೆಂದು ಲಸಿಕೆ ಆರಂಭಿಸುವ ಮೊದಲೇ ಒಂದೆರಡು ವರ್ಷ ದಾಖಲಿಸಬೇಕೆನ್ನುತ್ತಾರೆ. ಲಸಿಕೆ ಸಿದ್ಧವಿರುವಾಗ ಇದರ ಅಗತ್ಯವೇನು?

ಉತ್ತರ: ದಾಖಲಾತಿ ಮುಗಿಯುವ ತನಕ ಲಸಿಕೆಯನ್ನು ತಡೆಹಿಡಿಯಬೇಕು ಎಂಬುದು ಇದರ ಅರ್ಥವಲ್ಲ. ಎಲ್ಲ ದೇಶಗಳೂ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಲಸಿಕೆಯನ್ನು ಸೇರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಶಿಫಾರಸು ಮಾಡಿದೆ. ಆದರೆ ಲಸಿಕೆಯ ಹಿಂದಿನ ಸ್ಥಿತಿಯನ್ನು ಆಮೇಲೆ ಅಳೆಯಲು ಸಾಧ್ಯವಿಲ್ಲ. ಆ ಅವಕಾಶ ಒಮ್ಮೆ ಕೈತಪ್ಪಿದರೆ ತಪ್ಪಿದಂತೆಯೇ.

ಈ ವೈರಸ್ಸಿನ ವಂಶವಾಹಿಯು ಆರ್‌ಎನ್‌ಎಯ 11 ಪ್ರತ್ಯೇಕ ತುಂಡುಗಳಾಗಿರುತ್ತದೆ. ಒಂದೇ ಮಗುವಿಗೆ ಎರಡು ತಳಿಗಳು ಏಕಕಾಲಕ್ಕೆ ತಗುಲಿದಾಗ ಈ ತುಂಡುಗಳು ಅದಲುಬದಲಾಗಿ ಹೊಸ ತಳಿಯೊಂದು ರೂಪುಗೊಳ್ಳಬಹುದು. ವೈರಸ್ಸಿನ ಹೊರಮೈಯಲ್ಲಿರುವ ಎರಡು ಪ್ರೋಟೀನುಗಳ ಆಧಾರದ ಮೇಲೆ ತಳಿಗೆ 'ಜಿ' ಮತ್ತು 'ಪಿ' ಸಂಖ್ಯೆಗಳನ್ನು ಕೊಡುತ್ತಾರೆ. ಜಿ1ಪಿ8, ಜಿ2ಪಿ4, ಜಿ9ಪಿ8 ಮುಂತಾದವು ಪದೇ ಪದೇ ಕಾಣಸಿಗುವ ಹೆಸರುಗಳು. ತೀವ್ರ ಭೇದಿಯಿಂದ ಆಸ್ಪತ್ರೆ ಸೇರಿದ ಐದು ವರ್ಷದೊಳಗಿನ ಮಕ್ಕಳ ಮಲದ ಮಾದರಿಯನ್ನು ಎಲೈಸಾ (ವೈರಸ್ಸಿನ ಪ್ರೋಟೀನನ್ನು ಗುರುತಿಸುವ) ಪರೀಕ್ಷೆಗೆ ಒಳಪಡಿಸಿ, ರೋಟಾ ವೈರಸ್ ಇದೆಯೆಂದು ಖಚಿತವಾದವುಗಳಲ್ಲಿ ಪಿಸಿಆರ್ (ವಂಶವಾಹಿಯ ಪ್ರತಿಗಳನ್ನು ಹೆಚ್ಚಿಸಿ ಗುರುತಿಸುವ) ವಿಧಾನದಿಂದ ತಳಿಯನ್ನು ಪತ್ತೆಹಚ್ಚುತ್ತಾರೆ. ಪ್ರಬಲವಾದ ತಳಿ ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ತಾನಾಗಿಯೇ ಬದಲಾಗುವುದರಿಂದ ಕೆಲವೇ ತಿಂಗಳ ಮಾದರಿಗಳನ್ನು ನೆಚ್ಚಿಕೊಂಡು ತೀರ್ಮಾನಕ್ಕೆ ಬರುವಂತಿಲ್ಲ.

ಬ್ರೆಜಿಲ್‌ನ ಅನುಭವ ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿ 2006ರಲ್ಲಿ ಜಿ1ಪಿ8 ತಳಿಯಿಂದ ತಯಾರಾದ ಲಸಿಕೆ ಆರಂಭವಾದ ಬೆನ್ನಲ್ಲೇ ಜಿ2ಪಿ4 ತಳಿ ಮೇಲುಗೈ ಸಾಧಿಸಿತು. ಲಸಿಕೆಯೇ ಒಂದು ತಳಿಯನ್ನು ಹತ್ತಿಕ್ಕಿ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿತೇ ಎಂಬ ಸಂಶಯ ಮೂಡಿದ್ದು ಸಹಜವೇ. ಆದರೆ ಲಸಿಕೆ ಇನ್ನೂ ಆರಂಭವಾಗದಿದ್ದ ಕೆಲವು ಲ್ಯಾಟಿನ್ ಅಮೆರಿಕನ್ ದೇಶಗಳಲ್ಲೂ ಅದೇ ತಳಿ ಆ ಅವಧಿಯಲ್ಲಿ ಹೆಚ್ಚಿದ್ದು ಕಂಡುಬಂದುದರಿಂದ, ಎಲ್ಲವನ್ನೂ ಲಸಿಕೆಯ ತಲೆಗೆ ಕಟ್ಟುವುದು ಕಷ್ಟವಾಯಿತು. ಹಿಂದಿನ ವರ್ಷಗಳ ಲೆಕ್ಕವಿಲ್ಲದೆ ಇಂಥ ಪ್ರಶ್ನೆಯನ್ನು ಬಗೆಹರಿಸಲು ಹೊರಟರೆ ಅದು ಬರೀ ಊಹಾಪೋಹವಾಗುತ್ತದೆ.

ಪ್ರಶ್ನೆ: ಹರಡಿರುವ ತಳಿ ಲಸಿಕೆಯಲ್ಲಿ ಇಲ್ಲದಿದ್ದರೆ ಲಸಿಕೆ ವ್ಯರ್ಥವೇ?

ಉತ್ತರ: ಇಲ್ಲ. ಒಂದೇ ತಳಿಯ ಲಸಿಕೆಯೂ ಬೇರೆ ತಳಿಗಳಿಂದ ಬರುವ ತೀವ್ರ ಭೇದಿಯ ವಿರುದ್ಧ ಗಣನೀಯ ರಕ್ಷಣೆ ಕೊಡುತ್ತದೆ. ಭಾರತದ ರೋಟಾವ್ಯಾಕ್ ಲಸಿಕೆಯನ್ನೇ ನೋಡಿ: ಅದರ 116ಇ ತಳಿ ಜಿ9ಪಿ11 ವರ್ಗಕ್ಕೆ ಸೇರಿದ್ದು, ಮಕ್ಕಳಲ್ಲಿ ರೋಗ ತರುವ ಸಾಮಾನ್ಯ ತಳಿಗಳ ಸಾಲಿನಲ್ಲಿ ಅದಿಲ್ಲ, ಆದರೂ ಅದು ಆ ತಳಿಗಳಿಂದ ರಕ್ಷಣೆ ನೀಡುತ್ತದೆ. ಹೀಗಾಗಿ ತಳಿಪಟ್ಟಿಯನ್ನು ಎದುರಿಗಿಟ್ಟುಕೊಂಡು ಲಸಿಕೆಯನ್ನು ಆರಿಸುವುದು ನನ್ನ ದೃಷ್ಟಿಯಲ್ಲಿ ಆ ಪಟ್ಟಿಯ ಮುಖ್ಯ ಉಪಯೋಗವೇ ಅಲ್ಲ. ಲಸಿಕೆ ಪಡೆದ ಮಗುವಿಗೂ ಮುಂದೆ ಭೇದಿ ಬಂದಾಗ, ಆ ತಳಿ ಮೊದಲಿನಿಂದಲೂ ಇದ್ದದ್ದೇ ಅಥವಾ ಹೊಸದಾಗಿ ತಲೆಯೆತ್ತಿದ್ದೇ ಎಂದು ಹೇಳಲು ಆ ಪಟ್ಟಿ ಬೇಕು.